ಹೊರಗೆ ನಿಲ್ಲಿಸಿದ ಹುಡುಗನ ಕುರಿತು

ಕಲಬುರಗಿ

ಚಿ. ಮಗಳಿಗೆ ಸೋದರತ್ತೆಯ ಆಶೀರ್ವಾದಗಳು.

ಗುರುಮಠಕಲ್ ಕಡೆಯ ಶಾಲೆಯಲ್ಲಿ ಐದನೆಯ ತರಗತಿ ನಿನ್ನ ಪಾಲಿಗೆ ಬಂದಿದೆ, ಹಿಂದಿನ ಸಾಲಿನ ಒಬ್ಬ ಹುಡುಗ ಪಾಠ ಮಾಡಲು ಬಿಡುವುದಿಲ್ಲ, ಹೊರಗೆ ನಿಲ್ಲಿಸಿದರೂ ಅವನಿಗೆ ನಾಚಿಕೆಯಿಲ್ಲ ಎಂದು ಬರೆದಿದ್ದೀಯ. ನಾಚಿಕೆ ಏಕಾದರೂ ಬರಬೇಕು? ಅವನಿಗೆ ಬೇಕಾದದ್ದೇ ಹೊರಗೆ ಹೋಗುವುದಾಗಿರಬಹುದು.

ಒಂದು ವಾರ ಬೈಯುವುದನ್ನು ಬಿಟ್ಟು ಬರೆದಿಟ್ಟುಕೋ: ಗಲಾಟೆ ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಅವನಿಗೆ ಸಿಕ್ಕಿದ್ದೇನು. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂದಾಗಲೇ ಪಕ್ಕದವನನ್ನು ತಿವಿಯುತ್ತಾನೆಂದರೆ ಅದು ಪುಂಡಾಟವಲ್ಲ, ಓದಲು ಬಾರದ್ದನ್ನು ಮುಚ್ಚಿಡುವ ಉಪಾಯ. ನಮ್ಮ ಭಾಗದಲ್ಲಿ ತಂದೆತಾಯಿ ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೊರಟರೆ ಎಷ್ಟೋ ಮಕ್ಕಳು ಗಂಟುಮೂಟೆಯ ಜೊತೆಗೇ ಹೊರಡುತ್ತಾರೆ. ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿ ನೋಡು. ಅಂಥವನಿಗೆ ಎರಡೇ ಸಾಲುಗಳನ್ನು ಹಿಂದಿನ ದಿನ ಒಬ್ಬನಿಗೇ ಓದಿಸು. ಮರುದಿನ ತರಗತಿಯಲ್ಲಿ ಅವೇ ಸಾಲುಗಳು ಅವನ ಸರದಿಗೆ ಬರಲಿ. ನೀನು ತಿರುಗಿ ನೋಡಲಿ ಎಂದೇ ಗಲಾಟೆ ಮಾಡುವವನಾದರೆ ಮದ್ದು ಬೇರೆ: ಅವನು ಸುಮ್ಮನೆ ಬರೆಯುತ್ತಿರುವಾಗ ಹತ್ತಿರ ಹೋಗಿ ಮಾತನಾಡಿಸು, ಸಣ್ಣ ಕೀಟಲೆ ಕಂಡರೂ ಕಾಣದಂತಿರು. ಹೊಡೆದಾಟವಾದರೆ ಮಾತ್ರ ಹಾಗಿರಬೇಡ.

ಗೋಡೆಯ ಮೇಲೆ ಹತ್ತು ನಿಯಮ ಅಂಟಿಸುವ ಚಾಳಿ ಎಲ್ಲ ಹೊಸ ಶಿಕ್ಷಕರಿಗೂ ಇರುತ್ತದೆ. ಮೂರು ಸಾಕು. ಅವನ್ನೂ ಲೆಕ್ಕ ಕಲಿಸಿದಂತೆ ಕಲಿಸಬೇಕು. ಸಾಲಿನಲ್ಲಿ ಬರುವುದು ಹೇಗೆಂದು ಅಂಗಳದಲ್ಲಿ ಮಾಡಿ ತೋರಿಸು, ಮಾಡಿಸು, ದಸರಾ ರಜೆ ಮುಗಿದ ಮೇಲೆ ಮತ್ತೆ ಮಾಡಿಸು. ಅಲ್ಲಿ ಮನೆಯಲ್ಲಿ ತೆಲುಗು, ಲಂಬಾಣಿ, ಉರ್ದು ಆಡುವ ಮಕ್ಕಳೂ ಇರುತ್ತಾರೆ. ಹೇಳಿದ್ದು ಹೊಳೆಯದೆ ನಿಂತವನನ್ನು ಹಟಮಾರಿ ಎನ್ನಬೇಡ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ರೂಢಿಸಿಕೋ. ಶಿಕ್ಷಕರು ಒಂದು ಸೆಕೆಂಡು ಕಾಯುವುದೇ ಹೆಚ್ಚು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಗದರುವ ಸಂದರ್ಭಗಳೂ ಇಳಿಯುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಕಂಡುಕೊಂಡರು. ಹೊಗಳುವಾಗ ‘ಜಾಣ’ ಎಂದು ಸುಮ್ಮನೆ ಹಂಚಬೇಡ. ‘ಗೆಳೆಯ ಓದಿ ಮುಗಿಸುವವರೆಗೆ ಕಾದೆಯಲ್ಲ’ ಎಂದು ಮಾಡಿದ ಕೆಲಸವನ್ನೇ ಹೇಳು.

‘ನಾಲ್ಕು ಬಿಡಿ, ಬುದ್ಧಿ ಬರುತ್ತದೆ’ ಎಂದು ಪೋಷಕರೇ ಹೇಳಿಯಾರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅವರಿಗೆ ಕಾನೂನು ಓದಿ ಹೇಳುವುದಕ್ಕಿಂತ, ಹುಡುಗ ಚೆನ್ನಾಗಿ ಓದಿದ ದಿನ ಮನೆಗೆ ಒಂದು ಫೋನ್ ಮಾಡು. ಶಾಲೆಯಿಂದ ದೂರಿಲ್ಲದ ಕರೆ ಅವರಿಗೆ ಎಂದೂ ಬಂದಿರಲಿಕ್ಕಿಲ್ಲ.

ಆ ವಾರದ ಟಿಪ್ಪಣಿಯನ್ನು ನನಗೂ ಕಳುಹಿಸು.

ನಿನ್ನ ಅತ್ತೆ