ಥೆರಪಿ ಎಂದರೆ ಬರೀ ಕಾಲು ಎಳೆಯುವುದಲ್ಲ

ಮಾನ್ಯ ಸಂಪಾದಕರೇ,

ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯೊಬ್ಬಳು ವರ್ಷಗಟ್ಟಲೆ ಥೆರಪಿ ಮಾಡಿ ನಡೆಯುವಂತಾದ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಖುಷಿಯಾಯಿತು. ‘ಕಾಯಿಲೆಯನ್ನು ಗೆದ್ದ ಬಾಲೆ’ ಅನ್ನೋ ತಲೆಬರಹ ಮಾತ್ರ ಯಾಕೋ ಸರಿ ಕಾಣಲಿಲ್ಲ. ನನಗೂ ಹುಟ್ಟಿದಾಗಿನಿಂದ ಇದೇ ಇದೆ. ಎರಡೂ ಕಾಲು ಬಿಗಿ, ನಡೆಯುವಾಗ ಮಂಡಿಗಳು ಒಂದಕ್ಕೊಂದು ಉಜ್ಜುತ್ತವೆ. ವಯಸ್ಸು 36. ಇಷ್ಟು ವರ್ಷದಲ್ಲಿ ನಾನು ಗೆದ್ದದ್ದೇನೂ ಇಲ್ಲ, ಆದರೆ ಒಂದಷ್ಟು ಕಲಿತಿದ್ದೇನೆ.

ಇದು ಬಂದು ಹೋಗುವ ಕಾಯಿಲೆ ಅಲ್ಲ ಸ್ವಾಮಿ. ಮಗು ಹೊಟ್ಟೆಯಲ್ಲಿರುವಾಗಲೋ, ಹೆರಿಗೆಯ ಹೊತ್ತಿಗೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಬೆಳೆಯುತ್ತಿರುವ ಮಿದುಳಿಗೆ ಬಿದ್ದ ಪೆಟ್ಟು. (ಎಲ್ಲರೂ ಅಮ್ಮಂದಿರನ್ನು ‘ಹೆರಿಗೆಯಲ್ಲಿ ಏನಾಯ್ತು’ ಅಂತಲೇ ಕೇಳುತ್ತಾರೆ. ತಪ್ಪು ಅಲ್ಲೇ ಹುಡುಕಬೇಡಿ ಅಂತ ಫ್ರಾಯ್ಡ್ 1897ರಷ್ಟು ಹಿಂದೆಯೇ ಬರೆದಿದ್ದ. ಹೌದು, ಮನೋವಿಶ್ಲೇಷಣೆಗೆ ಹೆಸರಾದ ಅದೇ ಫ್ರಾಯ್ಡ್.) ಆ ಪೆಟ್ಟು ಜಾಸ್ತಿಯೂ ಆಗುವುದಿಲ್ಲ, ವಾಸಿಯೂ ಆಗುವುದಿಲ್ಲ. ಬದಲಾಗುತ್ತಾ ಹೋಗುವುದು ಮೈ. ಮೂಳೆ ಉದ್ದವಾದಷ್ಟು ಬೇಗ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ. ಹಾಗಾಗಿ 5ನೇ ವರ್ಷದಲ್ಲಿ ನೆಲಕ್ಕೆ ತಾಗುತ್ತಿದ್ದ ನನ್ನ ಹಿಮ್ಮಡಿ 12ನೇ ವರ್ಷಕ್ಕೆ ಮೇಲೆದ್ದಿತ್ತು.

ಚಿಕ್ಕವನಿದ್ದಾಗ ಥೆರಪಿ ಎಂದರೆ ಚಾಪೆ. ಅಂಗಾತ ಮಲಗಿಸಿ, ಒಬ್ಬರು ಮಂಡಿ ಒತ್ತಿ ಹಿಡಿದು, ಇನ್ನೊಬ್ಬರು ಪಾದ ಹಿಂದಕ್ಕೆ ಬಗ್ಗಿಸಿ 30ರ ತನಕ ಎಣಿಸುವುದು. ನಾನು ಅಳುವುದು. ನನ್ನ ಪಾಲಿಗೆ ಬೇರೆ ಕೆಲಸವೇ ಇರಲಿಲ್ಲ, ಮಾಡುವವರೆಲ್ಲ ಅವರೇ. ಭಾರ ಎತ್ತಿ ಕಾಲಿಗೆ ಬಲ ತಂದುಕೊಳ್ಳುವುದಂತೂ ಕೂಡದು, ಬಿಗಿ ಇನ್ನೂ ಜಾಸ್ತಿಯಾಗುತ್ತದೆ ಅನ್ನುತ್ತಿದ್ದರು. 1990ರ ದಶಕದಿಂದ ನಡೆದ ಅಧ್ಯಯನಗಳು ಆ ಭಯ ಸುಳ್ಳು ಅಂತ ತೋರಿಸಿದವು. ಬಿಗಿಯಾದ ಸ್ನಾಯು ಬಲವಾದ ಸ್ನಾಯು ಅಂತ ನಾವೆಲ್ಲ ಅಂದುಕೊಂಡಿದ್ದೆವು, ನಿಜಕ್ಕೂ ಅದು ತುಂಬಾ ದುರ್ಬಲ. 2013ರಲ್ಲಿ ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಜೊತೆಗಾರರು ಸೆರೆಬ್ರಲ್ ಪಾಲ್ಸಿಗೆ ಮಾಡುವ ಚಿಕಿತ್ಸೆಗಳನ್ನೆಲ್ಲ ಸೋಸಿ ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಅಂತ ವಿಂಗಡಿಸಿದರು. ಮಗು ತಾನೇ ಒಂದು ಗುರಿ ಇಟ್ಟುಕೊಂಡು ಆ ಕೆಲಸವನ್ನೇ ಮತ್ತೆ ಮತ್ತೆ ಮಾಡಿ ಕಲಿಯುವುದಕ್ಕೆ ಹಸಿರು ಸಿಕ್ಕಿತು. ಸುಮ್ನೆ ಮಲಗಿಸಿ ಎಳೆಯುವುದಕ್ಕೆ ಸಿಗಲಿಲ್ಲ. ಓದಿದಾಗ ಸ್ವಲ್ಪ ಸಿಟ್ಟೇ ಬಂತು.

16ಕ್ಕೆ ನನ್ನ ಥೆರಪಿ ನಿಂತಿತು. ಮಕ್ಕಳ ವಿಭಾಗದವರು ವಯಸ್ಸು ಮೀರಿತು ಅಂದರು, ದೊಡ್ಡವರ ವಿಭಾಗದವರು ಇದು ಮಕ್ಕಳ ಸಮಸ್ಯೆ ಅಂದರು. ನಾವು ಬೆಳೆದು ದೊಡ್ಡವರಾಗುತ್ತೇವೆ ಅನ್ನೋದು ಯಾರಿಗೂ ಹೊಳೆದೇ ಇಲ್ಲ ಅನ್ನಿಸುತ್ತದೆ, ಅಲ್ವಾ? 30 ದಾಟುವಾಗ ಮಂಡಿ ನೋವು, ಸಂಜೆಗೆ ವಿಪರೀತ ಸುಸ್ತು, ಆಮೇಲೆ ಕೈ ಇಲ್ಲದ ಕುರ್ಚಿಯಿಂದ ಏಳುವುದಕ್ಕೇ ಆಗದ ಸ್ಥಿತಿ. ಆಗ ಸಿಕ್ಕ ಫಿಸಿಯೊ ಮೇಡಂ ನನ್ನ ಕಾಲು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದರು: ‘ನಿಮಗೆ ಏನು ಮಾಡಬೇಕು ಅಂತಿದೆ?’ ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕುರ್ಚಿಯಿಂದ ಕೈ ಊರದೆ ಏಳಬೇಕು ಅಂದೆ.

ಶುರುವಾಯಿತು. ಕುರ್ಚಿ ಮೇಲೆ ಎರಡು ಗಟ್ಟಿ ದಿಂಬು. ಮಂಡಿ ಮೇಲ್ಗಡೆ ರಬ್ಬರ್ ಪಟ್ಟಿ, ಅದನ್ನು ಹೊರಗೆ ಒತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಮಂಡಿಗಳು ಒಳಕ್ಕೆ ಬಿದ್ದುಬಿಡುತ್ತವೆ. ಪಾದ ಹಿಂದಕ್ಕೆ, ಮೂಗು ಕಾಲ್ಬೆರಳಿಗಿಂತ ಮುಂದಕ್ಕೆ, ಈಗ ಏಳಿ. 8 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ 8. ಏಳುವುದಕ್ಕಿಂತ ಕೂರುವುದೇ ಕಷ್ಟ, ಯಾಕೆಂದರೆ ದೊಪ್ಪನೆ ಬೀಳುವ ಹಾಗಿಲ್ಲ, ತೊಡೆ ನಡುಗುತ್ತಿದ್ದರೂ ನಿಧಾನಕ್ಕೆ ಇಳಿಯಬೇಕು. ಅರ್ಧ ಎದ್ದಿರುವಾಗ ಎಲ್ಲೋ ಬಾಗಿಲು ಧಡ್ ಅಂದರೆ ಸಾಕು, ಎರಡೂ ಕಾಲು ಮರದ ಹಾಗೆ ಸೆಟೆದುಕೊಂಡು ಮತ್ತೆ ಕುರ್ಚಿಗೇ. ಮೂರನೇ ವಾರ ಒಂದು ದಿಂಬು ತೆಗೆದರು, ನಾನು ಮತ್ತೆ ಮೊದಲನೇ ದಿನದವನ ಹಾಗಾದೆ. ದಿಂಬಿಲ್ಲದ ಬರೀ ಕುರ್ಚಿಯಿಂದ ಎದ್ದದ್ದು 5 ತಿಂಗಳಾದ ಮೇಲೆ. ನನ್ನ ಮಿದುಳಿನ ಸ್ಕ್ಯಾನ್ ತೆಗೆದಿದ್ದರೆ ಹಳೇ ಗಾಯ ಹಾಗೇ ಕಾಣುತ್ತಿತ್ತು, ಎದ್ದದ್ದು ಮಾತ್ರ ನಿಜ.

ಇನ್ನೊಂದು ಮಾತು. ಬೊಟಾಕ್ಸ್ ಇಂಜೆಕ್ಷನ್ ಕೊಡಿಸಿದರೆ ಮುಗಿಯಿತು ಅಂದುಕೊಂಡ ಅಪ್ಪ ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಅದು ಸ್ನಾಯುವನ್ನು ಸಡಿಲ ಮಾಡುವುದು ಸುಮಾರು 3 ತಿಂಗಳು. ಆ ಮೂರು ತಿಂಗಳಲ್ಲಿ ಏನು ಅಭ್ಯಾಸ ಮಾಡಿಸುತ್ತೀರಿ ಅನ್ನೋದೇ ಮುಖ್ಯ.

ನಿಮ್ಮ ಬರಹದ ಬಗ್ಗೆ ನನ್ನ ಮುಖ್ಯ ತಕರಾರು ಬೇರೆ ಇದೆ. ಪತ್ರಿಕೆಯಲ್ಲಿ ಬರುವುದೆಲ್ಲ ನಡೆದವರ ಕಥೆ. 1997ರಿಂದ ಡಾಕ್ಟರುಗಳು ಚಲನೆಯ ಮಟ್ಟವನ್ನು 5 ಹಂತವಾಗಿ ನೋಡುತ್ತಾರೆ, ನನ್ನದು 2ನೇ ಹಂತ. 5ನೇ ಹಂತದ ಮಗು ಎಷ್ಟೇ ಥೆರಪಿ ಮಾಡಿದರೂ ನಡೆಯುವ ಸಾಧ್ಯತೆ ತೀರಾ ಕಡಿಮೆ. ಆ ಮಗು ಕತ್ತನ್ನು ಒಂದು ನಿಮಿಷ ನೆಟ್ಟಗೆ ಹಿಡಿದು ಎದುರಿಗಿರುವವರ ಮುಖ ನೋಡಲು ಕಲಿತರೆ, ಕೈ ಚಾಚಿ ಗುಂಡಿ ಒತ್ತಿ ತನಗೆ ಬೇಕಾದ್ದನ್ನು ಹೇಳಿದರೆ, ಅದರ ಹಿಂದಿನ ದುಡಿಮೆ ನನ್ನ 5 ತಿಂಗಳಿಗಿಂತ ಜಾಸ್ತಿಯೇ. ಅದನ್ನೂ ಬರೆಯಿರಿ. ನಾನು ದೂರ ಹೋಗಬೇಕಾದಾಗ ವೀಲ್‌ಚೇರ್ ಬಳಸುತ್ತೇನೆ. ಉಳಿದ ಶಕ್ತಿ ತಲುಪಿದ ಮೇಲೆ ಮಾಡೋ ಕೆಲಸಕ್ಕೆ ಬೇಕಲ್ಲ. ‘ಅಯ್ಯೋ, ಮತ್ತೆ ಕುರ್ಚಿಗೆ ಬಂದೆಯಾ’ ಅಂತ ಮರುಗುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಆ ಹುಡುಗಿಯನ್ನು ಮತ್ತೊಮ್ಮೆ ಮಾತನಾಡಿಸಿದರೆ, ಮುಂದೆ ಏನು ಕಲಿಯೋ ಆಸೆ ಅಂತ ಅವಳನ್ನೇ ಕೇಳಿ. ನಾನೀಗ ನೀರಿನ ಲೋಟ ಹಿಡಿದು ಚೆಲ್ಲದೆ ನಡೆಯುವುದನ್ನು ಕಲಿಯುತ್ತಿದ್ದೇನೆ. ಸದ್ಯಕ್ಕೆ ಅರ್ಧ ಲೋಟ.

ಇಂತಿ,
ನಿಮ್ಮ ಓದುಗ