ಗೆಳೆಯನಿಗೊಂದು ಪತ್ರ: ಮಾಸ್ಕ್ ಎಲ್ಲರ ಮುಖದ ಮೇಲಿರಲಿ

ಪ್ರಿಯ ಗೆಳೆಯಾ,

ಗೇ, ಬೈಸೆಕ್ಷುಯಲ್, ಟ್ರಾನ್ಸ್ ಗೆಳೆಯರು ಸೇರುವ ನಿಮ್ಮ ತಿಂಗಳ ಕೂಟದಲ್ಲಿ ಕೋವಿಡ್ ಕಾಲದ ಮಾಸ್ಕ್ ನಿಯಮ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ಮಾತು ಎದ್ದಿದೆ ಎಂದು ಬರೆದಿದ್ದೀಯ. "ಊರೆಲ್ಲ ಬಿಟ್ಟ ಮೇಲೆ ನಮಗೊಬ್ಬರಿಗೇ ಯಾಕೆ?" ಎಂದು ಕೇಳುವವರಿಗೆ ಏನು ಹೇಳಲಿ ಎಂದೂ ಕೇಳಿದ್ದೀಯ. ಬಿಡಬೇಡ. ಯಾಕೆ ಎಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ, ಹೇಗೆ ಎಂಬುದನ್ನು ಉದ್ದಕ್ಕೆ ಬರೆಯುತ್ತೇನೆ. ನಿಯಮ ಇಟ್ಟುಕೊಂಡೂ ಸೋಂಕು ಹರಡುವುದು ಹೆಚ್ಚಾಗಿ ಈ "ಹೇಗೆ" ಸಡಿಲವಾದಾಗಲೇ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ಮುಗಿದದ್ದು ತುರ್ತುಪರಿಸ್ಥಿತಿ, ವೈರಸ್ ಅಲ್ಲ. ಅದು ಈಗಲೂ ಉಸಿರು, ಮಾತು, ಹಾಡಿನ ಜೊತೆ ಹೊರಬಿದ್ದು ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುತ್ತದೆ. ಲಕ್ಷಣ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ತಗುಲಬಲ್ಲದು. ಹಾಗಾಗಿ "ಹುಷಾರಿಲ್ಲದವರು ಬರಬೇಡಿ" ಎಂಬುದೊಂದೇ ನಿಯಮವಾದರೆ ಸಾಲದು. ಬಂದವರಿಗೆ ತಾವು ಹುಷಾರಾಗಿಯೇ ಇದ್ದೇವೆ ಎನಿಸಿರುತ್ತದೆ.

ನಿಮ್ಮ ಕೂಟಕ್ಕೆ ಬರುವವರು ಯಾರು ಎಂದು ನೆನೆಸಿಕೊ. ಎಚ್‌ಐವಿ ಇರುವವರು ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಮಾತ್ರೆ) ತಪ್ಪದೆ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಹತೋಟಿಯಲ್ಲಿಟ್ಟುಕೊಂಡಿದ್ದರೆ ಅಪಾಯ ಕಡಿಮೆ. ಆದರೆ ಸಿಡಿ4 (ರೋಗನಿರೋಧಕ ಜೀವಕೋಶ) ಎಣಿಕೆ 200ಕ್ಕಿಂತ ಕೆಳಗಿರುವವರಿಗೆ, ಚಿಕಿತ್ಸೆ ಇನ್ನೂ ಶುರುವಾಗದವರಿಗೆ ಕಾಯಿಲೆ ತೀವ್ರವಾಗುವ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಯ ದಿನಕ್ಕಾಗಿ ವರ್ಷಗಟ್ಟಲೆ ಕಾದ ಟ್ರಾನ್ಸ್ ಹೆಣ್ಣಿಗೆ ಹಿಂದಿನ ವಾರ ಸೋಂಕು ತಗುಲಿದರೆ ಆ ದಿನ ಕೈತಪ್ಪುತ್ತದೆ. ಮನೆಯವರಿಂದ ದೂರವಾಗಿ ಒಂಟಿಯಾಗಿರುವ ಹಿರಿಯರು ಹಾಸಿಗೆ ಹಿಡಿದರೆ ನೀರು ಕೊಡಲೂ ಜನವಿರುವುದಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಅವಮಾನ ಅನುಭವಿಸಿದವರು ಮತ್ತೆ ಅಲ್ಲಿಗೆ ಹೋಗುವುದು ಉಸಿರು ಕಟ್ಟಿದ ಮೇಲೆಯೇ. ಅಮೆರಿಕದಲ್ಲಿ 2022ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯಲ್ಲೂ ಟ್ರಾನ್ಸ್ ಮತ್ತು ಬೈಸೆಕ್ಷುಯಲ್ ವಯಸ್ಕರಲ್ಲಿ ಲಾಂಗ್ ಕೋವಿಡ್ (ಸೋಂಕಿನ ನಂತರವೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಹೆಚ್ಚು ಕಂಡುಬಂದಿತ್ತು.

ಇವಿಷ್ಟೂ ಗೊತ್ತಿರುವ ಸಂಗತಿ. ಜನ ಯೋಚಿಸದ ಇನ್ನೊಂದು ಸಂಗತಿ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. "ಬೇಕಾದವರು ಹಾಕಿಕೊಳ್ಳಿ" ಎಂದಾಗ ಕೋಣೆಯಲ್ಲಿ ಮೂವರು ಮಾತ್ರ ಮಾಸ್ಕ್ ಹಾಕಿರುತ್ತಾರೆ. ಯಾರೋ ಕಾಳಜಿಯಿಂದಲೇ "ಏನಾಗಿದೆ ನಿಮಗೆ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನಿಜ ಹೇಳಿದರೆ ತನ್ನ ಎಚ್‌ಐವಿ ಬಯಲು, ಸುಳ್ಳು ಹೇಳಿದರೆ ತನ್ನವರ ನಡುವೆಯೂ ಮುಚ್ಚಿಡಬೇಕಾದ ಸಂಕಟ. ಎಲ್ಲರ ಮುಖದ ಮೇಲೂ ಮಾಸ್ಕ್ ಇದ್ದರೆ ಯಾರಿಗೆ ಬೇಕಾಗಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಹಕ್ಕು ಎಷ್ಟು ದೊಡ್ಡದು ಎಂದು ನಮ್ಮವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ.

"ಅತಿಯಾಯಿತು" ಎನ್ನುವವರಿಗೆ 2021ರ ಜುಲೈ ತಿಂಗಳ ಪ್ರಾವಿನ್ಸ್‌ಟೌನ್ ನೆನಪಿಸು. ಮ್ಯಾಸಚೂಸೆಟ್ಸ್‌ನ ಆ ಊರಿಗೆ ರಜೆಗೆ ಬಂದವರಲ್ಲಿ ಗೇ ಪುರುಷರ ದೊಡ್ಡ ಗುಂಪೇ ಇತ್ತು. ಅಲ್ಲಿಂದ ಸೋಂಕು ಹೊತ್ತವರಲ್ಲಿ ಆ ರಾಜ್ಯದ ನಿವಾಸಿಗಳದ್ದೇ 469 ಪ್ರಕರಣ ಲೆಕ್ಕಕ್ಕೆ ಸಿಕ್ಕಿತು. ಅವರಲ್ಲಿ 346 ಮಂದಿ ಪೂರ್ತಿ ಲಸಿಕೆ ಹಾಕಿಸಿಕೊಂಡವರು. ಲೆಕ್ಕ ಸಿಕ್ಕಿದ್ದಾದರೂ ಹೇಗೆ? ಬಂದವರು ನಾಚದೆ ಪರೀಕ್ಷೆ ಮಾಡಿಸಿಕೊಂಡರು, ಯಾರ ಜೊತೆ ಇದ್ದೆವು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸೋಂಕು ಹೆಚ್ಚಿರುವ ಕಡೆ ಲಸಿಕೆ ಹಾಕಿಸಿಕೊಂಡವರೂ ಒಳಾಂಗಣದಲ್ಲಿ ಮಾಸ್ಕ್ ಹಾಕಬೇಕೆಂದು ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ತಿಂಗಳ 27ರಂದು ಹೇಳಿದ್ದರ ಹಿಂದೆ ಈ ಲೆಕ್ಕವೂ ಇತ್ತು. ಪರಸ್ಪರ ಕಾಯುವ ಈ ರೂಢಿ ಏಡ್ಸ್ ಕಾಲದಿಂದ ಬಂದದ್ದು. ಕಾರಣ ಯಾವ ವೈರಸ್ ಎಂದು 1984ರಲ್ಲಿ ಖಚಿತವಾಗುವ ಮೊದಲೇ ಕಾಂಡೋಮ್ ಬಳಸಿ ಎಂದು ಹೇಳಿಕೊಟ್ಟವರು ಸ್ವತಃ ಗೇ ಪುರುಷರು.

ಇನ್ನು ಕೆಲಸದ ಮಾತು.

ಬಟ್ಟೆ ಮಾಸ್ಕ್ ಬೇಡ, ನೀಲಿ ಸರ್ಜಿಕಲ್ ಮಾಸ್ಕೂ ಸಾಲದು. ಅದರ ಬದಿಗಳಿಂದ ಗಾಳಿ ಸಲೀಸಾಗಿ ನುಗ್ಗುತ್ತದೆ. ಎನ್95 (ಅಮೆರಿಕದ ಮಾನದಂಡ), ಕೆಎನ್95 (ಚೀನಾದ್ದು), ಎಫ್‌ಎಫ್‌ಪಿ2 (ಯುರೋಪಿನದು) ಈ ಮೂರರಲ್ಲಿ ಒಂದು ಇರಲಿ. ಎನ್95 ಎಂದರೆ 0.3 ಮೈಕ್ರಾನ್ ಸುತ್ತಮುತ್ತಲಿನ ಕಣಗಳಲ್ಲಿ ಕನಿಷ್ಠ 95 ಶೇಕಡಾ ತಡೆಯಬೇಕು. ಅದಕ್ಕಿಂತ ಚಿಕ್ಕವು ನುಸುಳುತ್ತವೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ದೊಡ್ಡ ಕಣ ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ, ತೀರಾ ಚಿಕ್ಕದು ಅತ್ತಿತ್ತ ತೊನೆದಾಡಿ ಎಳೆಗೆ ತಾಗುತ್ತದೆ. ನಡುವಿನ 0.3ರ ಆಸುಪಾಸಿನದನ್ನು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ, ಅದಕ್ಕೇ ಪರೀಕ್ಷೆ ಅಲ್ಲಿ. ಮಾಸ್ಕಿನ ನಡುಪದರದ ಪಾಲಿಪ್ರೊಪಿಲೀನ್ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತಾರೆ, ಅದು ಕಣವನ್ನು ಎಳೆದುಕೊಳ್ಳುತ್ತದೆ. ಸೋಪಿನಲ್ಲಿ ತೊಳೆದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಆ ವಿದ್ಯುತ್ ಹೋಗುತ್ತದೆ. ಮಾಸ್ಕ್ ನೋಡಲು ಮೊದಲಿನಂತೆಯೇ ಇರುತ್ತದೆ, ತಡೆಯುವ ಶಕ್ತಿ ಮಾತ್ರ ಬಹಳ ಕುಗ್ಗಿರುತ್ತದೆ. ಇದನ್ನು ಎಲ್ಲರಿಗೂ ಬಾಯಿಬಿಟ್ಟು ಹೇಳು.

ನಕಲಿಗಳೂ ಇವೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಒಪ್ಪಿಗೆ ಪಡೆದ ಎನ್95 ಮೇಲೆ "ಟಿಸಿ-84ಎ" ಎಂದು ಶುರುವಾಗುವ ಸಂಖ್ಯೆ ಅಚ್ಚಾಗಿರುತ್ತದೆ, ತಲೆಯ ಹಿಂದೆ ಹೋಗುವ ಎರಡು ಪಟ್ಟಿಗಳಿರುತ್ತವೆ. ಕಿವಿಗೆ ಸಿಕ್ಕಿಸುವ "ಎನ್95" ಕಂಡರೆ ಅನುಮಾನಪಡು. ಕೆಎನ್95 ಮೇಲೆ ಜಿಬಿ2626-2019, ಎಫ್‌ಎಫ್‌ಪಿ2 ಮೇಲೆ ಇಎನ್ 149 ಎಂದಿರಬೇಕು. ಉಸಿರು ಬಿಡಲು ಕವಾಟ ಇರುವ ಮಾಸ್ಕ್ ನಿಮ್ಮ ಕೂಟಕ್ಕೆ ಬೇಡ. ಹಾಕಿಕೊಂಡವರ ಉಸಿರು ಅದರಿಂದ ಸೋಸದೆಯೇ ಹೊರಬರುತ್ತದೆ.

ಹಾಕಿಕೊಳ್ಳುವುದನ್ನು ಬಾಗಿಲ ಬಳಿ ಒಬ್ಬರು ನಿಂತು ತೋರಿಸಲಿ, ಜೊತೆಗೊಂದು ಕನ್ನಡಿ ಇಡಿ. ಮೊದಲು ಕೆಳಗಿನ ಪಟ್ಟಿ ಕಿವಿಯ ಕೆಳಗೆ ಕತ್ತಿನ ಹಿಂದೆ, ಆಮೇಲೆ ಮೇಲಿನದು ನೆತ್ತಿಯ ಹಿಂಭಾಗಕ್ಕೆ; ಎರಡೂ ಒಂದರ ಮೇಲೊಂದು ಹಾಯಬಾರದು. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬೇಡಿ. ಚಿವುಟಿದರೆ ನಡುವೆ ಚೂಪಾದ ಮಡಿಕೆ ಎದ್ದು ಅದರ ಎರಡೂ ಬದಿಗೆ ಸಂದಿ ಉಳಿಯುತ್ತದೆ. ಎರಡೂ ಕೈಗಳ ಎರಡೆರಡು ಬೆರಳಿಟ್ಟು ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಬನ್ನಿ. ನಂತರ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಬೇಕು. ಕಣ್ಣಿಗೆ ಗಾಳಿ ತಾಗಿದರೆ ಮೂಗಿನ ಬಳಿ ಸಂದಿಯಿದೆ, ಕಿವಿಯ ಕಡೆ ತಾಗಿದರೆ ಪಟ್ಟಿ ಸಡಿಲ. ಜೋರಾಗಿ ಉಸಿರೆಳೆದಾಗ ಮಾಸ್ಕ್ ಒಳಕ್ಕೆ ತುಸು ಕುಗ್ಗಬೇಕು. ಕೊನೆಗೆ ಬಾಯಿ ಅಗಲಿಸಿ ನಾಲ್ಕು ಮಾತಾಡಿ ನೋಡಬೇಕು. ಗಲ್ಲದಿಂದ ಮೇಲೆ ಜಾರಿದರೆ ಆ ಅಳತೆ ಚಿಕ್ಕದಾಯಿತು. ಕನ್ನಡಕ ಮಸುಕಾಗುತ್ತಿದ್ದರೆ ಬೇರೆ ಪುರಾವೆ ಬೇಡ, ಮೇಲುಗಡೆ ಸೋರುತ್ತಿದೆ. ಕೆಎನ್95ನ ಕಿವಿಪಟ್ಟಿ ಸಡಿಲವಿದ್ದವರಿಗೆ ಎರಡನ್ನೂ ತಲೆಯ ಹಿಂದೆ ಸೇರಿಸುವ ಪ್ಲಾಸ್ಟಿಕ್ ಕೊಕ್ಕೆ ಕೊಡಿ.

ಎರಡೂ ಕಡೆ ಮಾಸ್ಕ್ ಇದ್ದರೆ ಆಗುವ ಲಾಭದ ಲೆಕ್ಕವನ್ನು ಹೀಗೆ ವಿವರಿಸು. ಸೋರಿಕೆಯೆಲ್ಲ ಸೇರಿ ಒಂದು ಮಾಸ್ಕ್ ಹತ್ತರಲ್ಲಿ ಒಂದು ಕಣವನ್ನು ಬಿಟ್ಟಿತು ಎಂದಿಟ್ಟುಕೊ. ಸೋಂಕಿತನ ಮುಖದ ಮೇಲೂ ಅಂಥದೇ ಇದ್ದರೆ ನೂರರಲ್ಲಿ ಒಂದು ಮಾತ್ರ ಆಚೆಯವರ ಮೂಗು ಮುಟ್ಟುತ್ತದೆ. "ಭಯವಿದ್ದವರು ತಾವು ಹಾಕಿಕೊಳ್ಳಲಿ" ಎನ್ನುವವರು ಉಳಿದವರಿಂದ ಬರಬೇಕಾದ ಆ ಹತ್ತುಪಟ್ಟು ರಕ್ಷಣೆಯನ್ನು ಅವರಿಂದ ಕಸಿದುಕೊಳ್ಳುತ್ತಿದ್ದಾರೆ.

ನಿಮ್ಮವರಿಗೆ ವಿಶೇಷವಾಗಿ ಬರುವ ತೊಡಕುಗಳಿವೆ. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಕೂರುವುದಿಲ್ಲ. ಒಂದೆರಡು ದಿನದ ಕುರುಚಲೂ ಸಾಕು ಸಂದಿಯಾಗಲು. ಆದರೆ ಟೆಸ್ಟೋಸ್ಟೆರಾನ್ ಹಾರ್ಮೋನು ತೆಗೆದುಕೊಂಡು ಕಾದು ಕಾದು ಬಂದ ಗಡ್ಡವನ್ನು ಬೋಳಿಸು ಎಂದು ಟ್ರಾನ್ಸ್ ಗಂಡಿಗೆ ಹೇಳುವುದು ಕ್ರೌರ್ಯ. ಸಿಖ್ ವೈದ್ಯರು ಬಳಸುವ ಸಿಂಗ್ ಠಾಠಾ ಎಂಬ ದಾರಿಯಿದೆ: ತೆಳ್ಳನೆಯ, ಅಗಲವಾದ ರಬ್ಬರ್ ವ್ಯಾಯಾಮ ಪಟ್ಟಿಯನ್ನು ಗಡ್ಡದ ಮೇಲೆ ಗಲ್ಲದಿಂದ ನೆತ್ತಿಗೆ ಸುಕ್ಕಿಲ್ಲದೆ ಕಟ್ಟಿ, ಅದರ ಮೇಲೆ ಮಾಸ್ಕ್ ಹಾಕುವುದು. ಮಾಸ್ಕಿನ ಒಳಗೇ ಅಡಗುವಷ್ಟು ಚಿಕ್ಕ ಗಡ್ಡವಾದರೆ ತೊಂದರೆಯಿಲ್ಲ. ದಪ್ಪ ಫೌಂಡೇಶನ್ ಹಚ್ಚಿದ ಕೆನ್ನೆಯ ಮೇಲೆ ಮಾಸ್ಕ್ ಜಾರುತ್ತದೆ, ಹಾಗಾಗಿ ಅಂಚು ಕೂರುವ ಗೆರೆಯಲ್ಲಿ ಮೇಕಪ್ ಒರೆಸಿಕೊಳ್ಳಲಿ. ದೋಣಿಯಾಕಾರದ ಮಾಸ್ಕ್ ತುಟಿಯಿಂದ ದೂರ ನಿಲ್ಲುತ್ತದೆ, ಲಿಪ್‌ಸ್ಟಿಕ್ ಕೆಡುವುದಿಲ್ಲ. ಎದೆ ಚಪ್ಪಟೆಯಾಗಿ ಕಾಣಲೆಂದು ಬೈಂಡರ್ ಎಂಬ ಬಿಗಿ ಬಟ್ಟೆ ಕಟ್ಟಿದವರಿಗೆ ಮಾಸ್ಕಿನಲ್ಲಿ ಉಸಿರು ಬಿಗಿಯೆನಿಸಿದರೆ ಸಡಿಲಿಸಬೇಕಾದದ್ದು ಬೈಂಡರ್. ಕೆಮ್ಮು, ಜ್ವರ ಇರುವಾಗಲಂತೂ ಬೈಂಡರ್ ಕಟ್ಟಲೇಬಾರದು. ಶ್ವಾಸಕೋಶ ಪೂರ್ತಿ ಅರಳದೆ ಕಫ ಒಳಗೇ ನಿಲ್ಲುತ್ತದೆ.

ಅರ್ಧ ಮುಖ ಮುಚ್ಚಿದಾಗ, ದನಿ ಮಂದವಾದಾಗ ತಪ್ಪಾಗಿ ಅವನು, ಅವಳು ಎಂದು ಕರೆಯುವುದು ಹೆಚ್ಚುತ್ತದೆ. ಬಾಗಿಲಲ್ಲೇ ಹೆಸರು, ಸರ್ವನಾಮ ಬರೆದ ಚೀಟಿ ಎದೆಗೆ ಅಂಟಿಸಿ. ತುಟಿ ನೋಡಿ ಅರ್ಥಮಾಡಿಕೊಳ್ಳುವವರಿದ್ದರೆ ಮಾತಾಡುವವರಿಗೆ ಪಾರದರ್ಶಕ ಕಿಟಕಿಯ ಮಾಸ್ಕ್ ಮತ್ತು ಮೈಕ್ ಕೊಡಿ. ಮೈಕ್ ಹಿಡಿದ ಕೂಡಲೇ ಮಾಸ್ಕ್ ಕೆಳಗಿಳಿಸುವ ಅಭ್ಯಾಸ ಹಲವರಿಗಿದೆ. ಕೋಣೆಯಲ್ಲಿ ಅತಿ ಹೆಚ್ಚು ಉಸಿರು ಹೊರಹಾಕುತ್ತಿರುವವರು ಆ ಹೊತ್ತಿಗೆ ಅವರೇ.

ಗಾಳಿಯ ವಿಚಾರ. ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವ ಇಂಗಾಲದ ಡೈಆಕ್ಸೈಡ್ ಮೀಟರ್ ಒಂದನ್ನು ಕೂತವರ ತಲೆಯ ಎತ್ತರದಲ್ಲಿ, ಕಿಟಕಿಯಿಂದ ದೂರ ಇಡಿ. ಬಯಲಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ತೋರಿಸುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಇರುತ್ತದೆ. ಮೀಟರ್ 800 ತೋರಿಸಿದರೆ ನೂರು ಉಸಿರಿನಲ್ಲಿ ಒಂದು ಪಾಲು ಇನ್ನೊಬ್ಬರು ಬಿಟ್ಟ ಗಾಳಿ; 2,000 ಆದರೆ ಇಪ್ಪತ್ತೈದರಲ್ಲಿ ಒಂದು. 800ರ ಒಳಗೆ ಇಟ್ಟುಕೊಳ್ಳಿ, ಮೀರಿದರೆ ಎದುರುಬದುರಿನ ಕಿಟಕಿ ಬಾಗಿಲು ತೆರೆಯಿರಿ. ಗಾಳಿ ಸೋಸುವ ಫಿಲ್ಟರ್ ಯಂತ್ರ ವೈರಸ್ ಕಣ ಹಿಡಿದರೂ ಈ ಅಂಕಿಯನ್ನು ಇಳಿಸುವುದಿಲ್ಲ, ಅದು ನೆನಪಿರಲಿ.

ಯಂತ್ರ ಎಷ್ಟು ಬೇಕು? ಗಂಟೆಗೆ ಕನಿಷ್ಠ 5 ಸಲ ಕೋಣೆಯ ಗಾಳಿ ಶುದ್ಧವಾಗಬೇಕು ಎಂಬುದು ಸಿಡಿಸಿ 2023ರಲ್ಲಿ ಕೊಟ್ಟ ಗುರಿ. ಕೋಣೆ 10 ಮೀಟರ್ ಉದ್ದ, 8 ಅಗಲ, 3 ಎತ್ತರ ಎಂದರೆ 240 ಘನ ಮೀಟರ್. ಐದು ಪಟ್ಟು 1,200. ಗಂಟೆಗೆ 400 ಘನ ಮೀಟರ್ ಶುದ್ಧ ಗಾಳಿ ಕೊಡುವ ಹೆಪಾ (ಅತಿ ಸೂಕ್ಷ್ಮ ಕಣ ಹಿಡಿಯುವ ಫಿಲ್ಟರಿನ) ಯಂತ್ರ ಮೂರು ಬೇಕು. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಗರಿಷ್ಠ ವೇಗದ್ದು. ಸದ್ದಾಗುತ್ತದೆಂದು ಯಾರಾದರೂ ವೇಗ ಇಳಿಸಿದರೆ ನಿಮ್ಮ ಲೆಕ್ಕವೂ ಇಳಿಯುತ್ತದೆ. ಆದ್ದರಿಂದ ಒಂದೆರಡು ಹೆಚ್ಚಿಗೆ ತಂದು ನಡುವೇಗದಲ್ಲಿ ಓಡಿಸುವುದೇ ಜಾಣತನ.

ಕೊಳ್ಳಲಾಗದಿದ್ದರೆ ಕೋರ್ಸಿ-ರೋಸೆಂಥಾಲ್ ಪೆಟ್ಟಿಗೆ ಕಟ್ಟಿಕೊಳ್ಳಿ. ಅಮೆರಿಕದ ಎಂಜಿನಿಯರ್ ರಿಚರ್ಡ್ ಕೋರ್ಸಿ, ಫಿಲ್ಟರ್ ಕಂಪನಿಯ ಜಿಮ್ ರೋಸೆಂಥಾಲ್ 2020ರಲ್ಲಿ ರೂಪಿಸಿದ, ಮನೆಯಲ್ಲೇ ಕಟ್ಟಬಹುದಾದ ಗಾಳಿ ಸೋಸುವ ಪೆಟ್ಟಿಗೆ ಅದು. 20 ಇಂಚಿನ ಚೌಕ ಎಂಇಆರ್‌ವಿ 13 (ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬುದರ ದರ್ಜೆ) ಫಿಲ್ಟರ್ ನಾಲ್ಕು, 20 ಇಂಚಿನ ಬಾಕ್ಸ್ ಫ್ಯಾನ್ ಒಂದು, ರಟ್ಟು, ಅಗಲ ಟೇಪು. ಫಿಲ್ಟರ್‌ಗಳ ಬಾಣ ಒಳಮುಖವಾಗಿ ಇರುವಂತೆ ನಾಲ್ಕು ಗೋಡೆ ನಿಲ್ಲಿಸಿ, ತಳಕ್ಕೆ ರಟ್ಟು, ಮೇಲೆ ಗಾಳಿ ಹೊರಗೆ ಊದುವಂತೆ ಫ್ಯಾನ್. ಎಲ್ಲ ಸಂದಿಗೂ ಟೇಪು. ಫ್ಯಾನಿನ ಮೇಲೆ ದುಂಡು ತೂತಿನ ರಟ್ಟು ಕೂರಿಸಿ ನಾಲ್ಕು ಮೂಲೆ ಮುಚ್ಚುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮೂಲೆಯಿಂದ ಗಾಳಿ ಹಿಂದಕ್ಕೆ ಸೋರಿ ಒಂದಷ್ಟು ಶ್ರಮ ವ್ಯರ್ಥ.

ಪರೀಕ್ಷೆ ಮನೆಯಿಂದ ಹೊರಡುವ ಮುನ್ನ ಆಗಲಿ, ಹಿಂದಿನ ದಿನದ್ದು ಲೆಕ್ಕಕ್ಕಿಲ್ಲ. ರ‍್ಯಾಪಿಡ್ ಟೆಸ್ಟಿನಲ್ಲಿ ಗೆರೆ ಎಷ್ಟೇ ಮಸುಕಾಗಿರಲಿ, ಹೇಳಿದ ಸಮಯದೊಳಗೆ ಮೂಡಿದರೆ ಅದು ಪಾಸಿಟಿವ್. ನೆಗೆಟಿವ್ ಬಂದರೆ ಮಾಸ್ಕ್ ತೆಗೆಯಲು ಪರವಾನಗಿ ಸಿಕ್ಕಿತೆಂದಲ್ಲ. ಲಕ್ಷಣವಿದ್ದವರಿಗೆ 48 ಗಂಟೆ ಬಿಟ್ಟು ಎರಡನೆಯದು ಬೇಕು, ಇಲ್ಲದವರಿಗೆ ಹಾಗೆಯೇ ಮೂರು ಸಲ.

ಎಲ್ಲ ಸರಿಯಿದ್ದೂ ಕೆಡುವುದು ತಿನ್ನುವ ಹೊತ್ತಿನಲ್ಲಿ. ಅರ್ಧ ಗಂಟೆ ಎಲ್ಲರೂ ಮಾಸ್ಕ್ ತೆಗೆದು ಒಂದೇ ಮೇಜಿನ ಸುತ್ತ ನಿಂತರೆ ಉಳಿದ ಎರಡು ಗಂಟೆಯ ಎಚ್ಚರವೆಲ್ಲ ನೀರುಪಾಲು. ತಿಂಡಿಯನ್ನು ಬಯಲಿನಲ್ಲಿ ಇಡಿ, ಕೊನೆಯಲ್ಲಿ ಇಡಿ, ಬೇಡದವರು ನೇರ ಮನೆಗೆ ಹೋಗಬಹುದು. ಒಳಗೆ ನೀರು ಬೇಕಾದವರು ಉಸಿರು ಬಿಗಿಹಿಡಿದು, ಗುಟುಕು ಕುಡಿದು, ಮಾಸ್ಕ್ ಮತ್ತೆ ಕೂರಿಸಿ, ಆಮೇಲೆ ಉಸಿರಾಡಲಿ.

ಯಾರಿಗಾದರೂ ಕೋವಿಡ್ ಬಂದೇಬಿಟ್ಟರೆ: ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಕಂಡ 5 ದಿನದೊಳಗೆ ಶುರುಮಾಡಬೇಕು. ಅದರಲ್ಲಿರುವ ರಿಟೊನಾವಿರ್ ಮೊದಲು ಎಚ್‌ಐವಿಗೆಂದೇ ಬಂದ ಔಷಧಿ. ಬೇರೆ ಹಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಸಿಲ್ಡೆನಾಫಿಲ್ (ವಯಾಗ್ರ) ಕೂಡ ಅದರಲ್ಲೊಂದು. ಹಾಗಾಗಿ ಹಾರ್ಮೋನು, ಎಆರ್‌ಟಿ, ಹೇಳಲು ಸಂಕೋಚವಾಗುವ ಮಾತ್ರೆಗಳು ಎಲ್ಲವನ್ನೂ ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಬೇಕು. ಯಾರೂ ತಾವಾಗಿ ಎಆರ್‌ಟಿ ನಿಲ್ಲಿಸಬಾರದು.

ಮಾಸ್ಕ್ ಹಾಕಲಾಗದವರು ಕೆಲವರಿರುತ್ತಾರೆ. ವೈದ್ಯರ ಚೀಟಿ ಕೇಳಬೇಡ. ಬೇರೆ ಆಕಾರದ ಎರಡು ಮೂರು ಬಗೆ ತೋರಿಸು. ಆಗದಿದ್ದರೆ ಹೊರಾಂಗಣ ಕೂಟ, ಇಲ್ಲವೇ ವಿಡಿಯೋ ಕರೆಯಲ್ಲಿ ಸೇರುವ ವ್ಯವಸ್ಥೆ ಇರಲಿ. ಕರೆಯೋಲೆಯಲ್ಲಿ "ಮಾಸ್ಕ್ ಎಲ್ಲರಿಗೂ ಇದೆ, ಬಾಗಿಲಲ್ಲಿ ಸಿಗುತ್ತದೆ, ತಿಂಡಿ ಹೊರಗೆ" ಎಂದಷ್ಟೇ ಬರೆ, ಕಾರಣ ವಿವರಿಸುತ್ತ ಹೋಗಬೇಡ. ಮಾಸ್ಕ್ ಮನೆಗೊಯ್ಯುವವರಿಗೆ ಹೆಸರು ಬರೆದ ಕಾಗದದ ಚೀಲ ಕೊಡು: ಒಣಗಲು ಬಿಟ್ಟರೆ ಒಂದು ಮಾಸ್ಕನ್ನು ಐದು ಸಲದವರೆಗೆ ಹಾಕಬಹುದು. ಪಟ್ಟಿ ಸಡಿಲಾದರೆ, ಒದ್ದೆಯಾದರೆ ಅದಕ್ಕೂ ಮೊದಲೇ ಬಿಸಾಡಬೇಕು.

ಕೋಣೆಯ ಉದ್ದ, ಅಗಲ, ಎತ್ತರ, ಕಿಟಕಿ ಯಾವ ಕಡೆ, ಎಷ್ಟು ಜನ ಬರುತ್ತಾರೆ ಎಂದು ಬರೆದು ಕಳಿಸು. ಯಂತ್ರಗಳನ್ನು ಎಲ್ಲೆಲ್ಲಿ ಇಡಬೇಕೆಂದು ಗುರುತು ಹಾಕಿ ಕಳಿಸುತ್ತೇನೆ.

ನಿನ್ನ,
ಗೆಳೆಯ