ಟ್ರಿನಿಡಾಡ್‌ಗೆ ಹೊರಟ ಮಗಳಿಗೆ

ಪ್ರೀತಿಯ ಮಗಳಿಗೆ,

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಪಾಯಿಂಟ್ ಲಿಸಾಸ್‌ನ ಅಮೋನಿಯಾ ಘಟಕದ ಕೆಲಸಕ್ಕೆ ನಿನ್ನನ್ನು ಕಳಿಸುತ್ತಿದ್ದಾರೆ ಎಂದು ಅಮ್ಮ ಹೇಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನಾನು ದುಡಿದ ಜಾಗಕ್ಕೇ ನೀನೂ ಹೊರಟಿದ್ದೀಯೆ. ಇಂಥ ವಿಷಯಗಳನ್ನು ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ. ಬರೆದುಕೊಟ್ಟರೆ ಬೇಕಾದಾಗ ತೆಗೆದು ನೋಡಬಹುದು.

ಎಲ್ಲಕ್ಕಿಂತ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೋ. ಹೋಗುವಾಗ ಯಾರೂ ಕೇಳುವುದಿಲ್ಲ ಎಂದು ಜನ ಇದನ್ನು ಉದಾಸೀನ ಮಾಡುತ್ತಾರೆ. ಕೇಳುವವರು ನಮ್ಮವರೇ, ಅದೂ ಹಿಂದಿರುಗುವಾಗ. ಟ್ರಿನಿಡಾಡ್ ದ್ವೀಪ ಹಳದಿ ಜ್ವರದ ಅಪಾಯವಿರುವ ಪ್ರದೇಶಗಳ ಪಟ್ಟಿಯಲ್ಲಿದೆ. ಪ್ರಮಾಣಪತ್ರವಿಲ್ಲದೆ ಭಾರತದಲ್ಲಿ ಇಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಆದ್ದರಿಂದ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡ.

ಎರಡನೆಯದು ದಾರಿ. ಭಾರತದಿಂದ ಅಲ್ಲಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋದರೆ, ಬರೀ ವಿಮಾನ ಬದಲಿಸುವುದಕ್ಕೂ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿನ ವೀಸಾ ಬೇಕು. ಬ್ರಿಟನ್, ಕೆನಡಾಗಳ ಹಾದಿಯಲ್ಲಿಯೂ ಟ್ರಾನ್ಸಿಟ್ ವೀಸಾದ ಪ್ರಶ್ನೆ ಬಂದೇ ಬರುತ್ತದೆ. ಕಚೇರಿಯವರು ಅಗ್ಗದ ಟಿಕೆಟ್ ನೋಡಿ ಕಾಯ್ದಿರಿಸುವ ಮೊದಲು ಈ ಮಾತನ್ನು ಗಟ್ಟಿಯಾಗಿ ಹೇಳು. ಟ್ರಿನಿಡಾಡ್‌ನ ಪ್ರವೇಶ ನಿಯಮಗಳನ್ನು ದೆಹಲಿಯಲ್ಲಿರುವ ಅವರ ಹೈಕಮಿಷನ್‌ನಿಂದಲೇ ಕೇಳಿ ತಿಳಿದುಕೋ, ಏಜೆಂಟರ ಬಾಯಿಮಾತನ್ನು ನೆಚ್ಚಬೇಡ.

ಮಿಕ್ಸರ್ ಒಯ್ಯುತ್ತೇನೆ ಎಂದಿದ್ದೀಯಂತೆ. ಬೇಡ. ಅಲ್ಲಿನ ವಿದ್ಯುತ್ 115 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟಿನ ಮಿಕ್ಸರ್ ಅಲ್ಲಿ ಮುಲುಗುತ್ತದೆ, ಅರೆಯುವುದಿಲ್ಲ. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರ್‌ಗಳಿಗೆ ತೊಂದರೆಯಿಲ್ಲ, ಅಮೆರಿಕದ ಮಾದರಿಯ ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ಸೈನಿಕರ ಸಮವಸ್ತ್ರದಂಥ ಹಸಿರು ಮಚ್ಚೆಯ ಬಟ್ಟೆ, ಟೋಪಿ, ಚೀಲ ಯಾವುದೂ ಪೆಟ್ಟಿಗೆಯಲ್ಲಿ ಇರಬಾರದು, ಅಲ್ಲಿ ಸಾರ್ವಜನಿಕರು ಅದನ್ನು ಧರಿಸುವುದು ಕಾನೂನಿಗೆ ವಿರುದ್ಧ. ಡೆಂಗಿ ಇರುವ ದೇಶ, ಸೊಳ್ಳೆ ಮುಲಾಮು ಇರಲಿ. ಹೊರಗೆ ಸೆಕೆ ಎಷ್ಟಿದ್ದರೂ ಸಭೆಯ ಕೋಣೆಗಳಲ್ಲಿ ಎ.ಸಿ. ಚಳಿ ಹಿಡಿಸುತ್ತದೆ, ಒಂದು ಕೋಟು ಇಟ್ಟುಕೋ.

ಅಮೆರಿಕನ್ ಡಾಲರ್ ಒಂದಕ್ಕೆ ಅಲ್ಲಿನ ಡಾಲರ್ ಆರೂಮುಕ್ಕಾಲರ ಆಸುಪಾಸು. ಒಮ್ಮೆಗೇ ಬಹಳ ಬದಲಾಯಿಸಬೇಡ. ದೇಶದಲ್ಲಿ ವಿದೇಶಿ ವಿನಿಮಯದ ಅಭಾವ ವರ್ಷಗಳಿಂದ ಇದೆ, ಉಳಿದ ಹಣವನ್ನು ಮತ್ತೆ ಅಮೆರಿಕನ್ ಡಾಲರ್ ಮಾಡಿಕೊಳ್ಳುವುದು ಸುಲಭವಲ್ಲ.

ಪಿಯಾರ್ಕೊ ವಿಮಾನ ನಿಲ್ದಾಣದಿಂದ ಹೊರಬಂದ ಮೇಲೆ ಗಾಡಿಯ ನಂಬರ್ ಪ್ಲೇಟ್ ನೋಡುವುದನ್ನು ರೂಢಿ ಮಾಡಿಕೋ. 'ಎಚ್' ಎಂದು ಶುರುವಾದರೆ ಅಧಿಕೃತ ಬಾಡಿಗೆ ಗಾಡಿ, 'ಪಿ' ಎಂದಿದ್ದರೆ ಖಾಸಗಿ. ಖಾಸಗಿ ಕಾರುಗಳನ್ನೂ ಬಾಡಿಗೆಗೆ ಓಡಿಸುವವರಿದ್ದಾರೆ, ಎಷ್ಟೇ ಅವಸರವಿದ್ದರೂ ಅವುಗಳಿಗೆ ಹತ್ತಬೇಡ. ಅಪರಾಧದ ವಿಷಯವನ್ನು ಮುಚ್ಚಿಡುವುದಿಲ್ಲ: ಗುಂಪುಗಳ ಹಿಂಸಾಚಾರದ ಕಾರಣಕ್ಕೆ ಸರ್ಕಾರ 2024ರ ಡಿಸೆಂಬರ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು, 2025ರಲ್ಲಿ ಮತ್ತೊಮ್ಮೆ ಘೋಷಿಸಿತು. ಕತ್ತಲಾದ ಮೇಲೆ ಪೋರ್ಟ್ ಆಫ್ ಸ್ಪೇನ್‌ನ ಪೇಟೆಯಲ್ಲಿ ಒಬ್ಬಳೇ ನಡೆಯಬೇಡ. ಪೊಲೀಸರಿಗೆ 999, ಆಂಬ್ಯುಲೆನ್ಸ್‌ಗೆ 811, ಅಗ್ನಿಶಾಮಕಕ್ಕೆ 990. ಈಗಲೇ ಫೋನಿನಲ್ಲಿ ಹಾಕಿಕೋ.

ಕಾರ್ನಿವಲ್ ಎಂಬ ಬೀದಿ ಉತ್ಸವದ ವಾರದಲ್ಲಿ ಯಾವ ಸಭೆಯನ್ನೂ ಇಟ್ಟುಕೊಳ್ಳಬೇಡ. ಕ್ರೈಸ್ತರ ಉಪವಾಸ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರ, ಮಂಗಳವಾರಗಳು ಕಾಗದದ ಮೇಲೆ ರಜೆಯಲ್ಲ, ಆದರೆ ದೇಶವೇ ಬೀದಿಯಲ್ಲಿರುತ್ತದೆ, ಹೋಟೆಲ್ ದರ ಗಗನಕ್ಕೇರುತ್ತದೆ. ದೀಪಾವಳಿ, ಈದ್, ಕ್ರಿಸ್‌ಮಸ್ ಮೂರಕ್ಕೂ ಅಲ್ಲಿ ರಾಷ್ಟ್ರೀಯ ರಜೆ. ಗುಲಾಮಗಿರಿ ಕೊನೆಗೊಂಡ ನೆನಪಿಗೆ ಆಗಸ್ಟ್ 1 ರಜೆ. ಮೇ 30 ಭಾರತೀಯರು ಬಂದಿಳಿದ ದಿನ. 1845ರಲ್ಲಿ ಆ ದಿನವೇ 'ಫತೆಲ್ ರಜಾಕ್' ಎಂಬ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಕಬ್ಬಿನ ತೋಟಗಳ ಕರಾರು ಕೂಲಿಗೆಂದು ತಂದು ಇಳಿಸಿತು.

ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. 1917ರವರೆಗೆ ಹಾಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಭೋಜಪುರಿ ಸೀಮೆಯವರು, ಸ್ವಲ್ಪ ಜನ ಮದ್ರಾಸಿನಿಂದ ಬಂದವರು. ಇವತ್ತು ದೇಶದ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಜನ ಅವರ ವಂಶದವರು. ನಿನ್ನ ಕಾರ್ಖಾನೆ ಇರುವ ಕೂವಾ, ಪಕ್ಕದ ಚಗ್ವಾನಸ್ ಕಡೆ ಅಂಗಡಿಯ ಫಲಕಗಳ ಮೇಲೆ ರಾಮಪ್ರಸಾದ್, ಮೊಹಮ್ಮದ್ ಎಂಬ ಹೆಸರುಗಳಿರುತ್ತವೆ, ಮನೆಗಳ ಮುಂದೆ ಬಿದಿರಿಗೆ ಕಟ್ಟಿದ ಕೆಂಪು, ಹಳದಿ ಝಂಡಿಗಳು ಹಾರುತ್ತಿರುತ್ತವೆ. ನೋಡಿದ ಕೂಡಲೇ ನಮ್ಮವರು ಎನಿಸುತ್ತದೆ. ಆ ಸಲಿಗೆಯಲ್ಲಿ 'ನೀವು ಭಾರತದ ಯಾವ ಊರಿನವರು, ಯಾವ ಜಾತಿಯವರು' ಎಂದು ಮಾತ್ರ ಕೇಳಬೇಡ. ನೂರೆಂಬತ್ತು ವರ್ಷಗಳಿಂದ ಅವರ ಊರು ಅದೇ. ಆಫ್ರಿಕಾ ಮೂಲದವರು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿದ್ದಾರೆ, ಎರಡರ ಬೆರಕೆಯವರೂ ಬಹಳ. ಬಣ್ಣ ನೋಡಿ ಒಬ್ಬರ ಹತ್ತಿರ ಹೆಚ್ಚು ಒತ್ತಿಕೊಂಡು ಇನ್ನೊಬ್ಬರಿಂದ ದೂರ ಕುಳಿತರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಫೀಸು, ಅಂಗಡಿ, ಆಸ್ಪತ್ರೆ ಎಲ್ಲೇ ಒಳಗೆ ಕಾಲಿಟ್ಟರೂ ಮೊದಲು ಅಲ್ಲಿರುವ ಎಲ್ಲರಿಗೂ ಕೇಳುವಂತೆ ವಂದನೆ ಹೇಳು, ಕೆಲಸದ ಮಾತು ಆಮೇಲೆ. ವಂದನೆಯಿಲ್ಲದೆ ಪ್ರಶ್ನೆ ಕೇಳುವವರನ್ನು ಅಲ್ಲಿ ಒರಟರೆಂದೇ ತಿಳಿಯುತ್ತಾರೆ.

ಮೊದಲ ಭಾನುವಾರ ವಾಟರ್‌ಲೂಗೆ ಹೋಗಿ ಬಾ, ನಿನಗೆ ಹತ್ತಿರವೇ. ಅಲ್ಲಿ ಸಿವದಾಸ್ ಸಾಧು ಎಂಬ ಕೂಲಿಯಾಳು ಸಕ್ಕರೆ ಕಂಪನಿಯ ನೆಲದಲ್ಲಿ ಒಂದು ಗುಡಿ ಕಟ್ಟಿಸಿದ. ಕಂಪನಿ ಅದನ್ನು ಕೆಡವಿಸಿತು, ಅವನು ಜೈಲಿಗೂ ಹೋದ. ನೆಲ ಕೊಡದಿದ್ದರೆ ಬೇಡ, ಸಮುದ್ರ ಯಾರ ಆಸ್ತಿಯೂ ಅಲ್ಲವಲ್ಲ ಎಂದು ಅವನು ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೊತ್ತು ತಂದು, ನೀರಿನೊಳಕ್ಕೆ ದಾರಿ ಹಾಕಿ, ವರ್ಷಗಟ್ಟಲೆ ಒಬ್ಬನೇ ದುಡಿದು ಅಲ್ಲಿ ಗುಡಿ ಎಬ್ಬಿಸಿದ. ಈಗಿರುವುದು 1990ರ ದಶಕದಲ್ಲಿ ಮತ್ತೆ ಕಟ್ಟಿದ ಗುಡಿ. ಆ ದಾರಿಯ ಮೇಲೆ ನಡೆದವಳಿಗೆ ಆ ಜನರನ್ನು ಹೇಗೆ ಮಾತನಾಡಿಸಬೇಕೆಂದು ನಾನು ಹೇಳಿಕೊಡಬೇಕಾಗುವುದಿಲ್ಲ. ಅಲ್ಲಿಂದ ಸ್ವಲ್ಪ ದೂರದ ಕಾರಪಿಚೈಮಾದಲ್ಲಿ 85 ಅಡಿಯ ಹನುಮಂತ ನಿಂತಿದ್ದಾನೆ. ಆ ದತ್ತಾತ್ರೇಯ ದೇವಾಲಯ ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಸ್ಥಾಪಿಸಿದ್ದು.

ಊಟಕ್ಕೆ ನೀನು ಹೆದರಬೇಕಿಲ್ಲ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್ ಮಾರುವವರ ಮುಂದೆ ಜನ ಮುತ್ತಿರುತ್ತಾರೆ. ಅರಿಸಿನದ ಬಣ್ಣದ ಎರಡು ಮೆತ್ತನೆಯ ಬಾರಾ ಎಂಬ ಕರಿದ ರೊಟ್ಟಿಗಳನ್ನು ಕಾಗದದ ಮೇಲೆ ಒಂದರ ಅಂಚಿಗೆ ಒಂದು ತಾಗುವಂತೆ ಹರಡಿ, ಕಡಲೆಕಾಳಿನ ಗೊಜ್ಜು ಸುರಿದು, ಹುಣಸೆ, ಸೌತೆಕಾಯಿ ಚಟ್ನಿ ಹಾಕಿ, ಮೆಣಸಿನಕಾಯಿ ಎಷ್ಟು ಎಂದು ತಲೆಯೆತ್ತದೆಯೇ ಕೇಳುತ್ತಾರೆ. 'ಸ್ಲೈಟ್', ಅಂದರೆ ಸ್ವಲ್ಪವೇ ಸಾಕು ಎನ್ನು, ಅಲ್ಲಿನ ಮೆಣಸಿನಕಾಯಿ ನಮ್ಮ ಬ್ಯಾಡಗಿಯಲ್ಲ. ದಾಲ್‌ಪುರಿ ಸಿಹಿಯಿಲ್ಲದ ಹೋಳಿಗೆಯ ಹಾಗಿರುತ್ತದೆ, ನಿನಗೆ ಖಂಡಿತ ಹಿಡಿಸುತ್ತದೆ. ಕಲಾಲೂ ಎಂಬುದು ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲಿನದು. ಕೇಳಿಸಿಕೊಂಡರೆ ನಮ್ಮದೇ ಅಡುಗೆ ಎನಿಸುತ್ತದೆ, ಆದರೆ ಅದಕ್ಕೆ ಏಡಿ ಹಾಕುವ ರೂಢಿಯುಂಟು, ವಿಚಾರಿಸಿ ತಿನ್ನು.

ಬಿಡುವಾದರೆ ಕ್ವೀನ್ಸ್ ಪಾರ್ಕ್ ಓವಲ್ ನೋಡು. 1976ರಲ್ಲಿ ಭಾರತ 403 ರನ್‌ಗಳ ಗುರಿ ಮುಟ್ಟಿದ್ದು ಅಲ್ಲೇ, ನಮ್ಮ ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ 49 ಗಳಿಸಿ ಔಟಾಗದೆ ಉಳಿದರು. ಕ್ರಿಕೆಟ್ ಮಾತು ಎತ್ತಿದರೆ ಎಂಥ ಬಿಗಿ ಮುಖದ ಮ್ಯಾನೇಜರನೂ ಸಡಿಲವಾಗುತ್ತಾನೆ.

ಟ್ರಿನಿಡಾಡಿನವರಿಗಿಂತ ನಾವು ಒಂಬತ್ತೂವರೆ ಗಂಟೆ ಮುಂದೆ. ನಿನ್ನ ಬೆಳಗಿನ ಏಳಕ್ಕೆ ಇಲ್ಲಿ ಸಂಜೆ ನಾಲ್ಕೂವರೆ. ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡು, ಆ ಹೊತ್ತಿಗೆ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ.

ನಿನ್ನ ಅಪ್ಪ